ಒಂಬತ್ತನೆಯ ರವಿವಾರ ಹೇಳಿದ ಕಥೆ

ಹೋದ ವರ್ಷ ಮಗಳ ಮನೆಯ ಮಿಕ್ಸರ್ ಕೆಟ್ಟಿತೆಂದು ಅದನ್ನು ಚೀಲಕ್ಕೆ ಹಾಕಿಕೊಂಡು ಸಿಂಧನೂರಿನ ಒಂದು ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಯಾರದೋ ಹಳೆಯ ಸ್ಟೆಬಿಲೈಸರ್‌ಗೆ ಕರೆಂಟ್ ಕೊಟ್ಟು ನೋಡುತ್ತಿದ್ದ. ಅದು ಗುಂಯ್ ಎನ್ನತೊಡಗಿತು. ಒಳಗಿನ ತಂತಿ ಕಾದು, ಧೂಳು ಸುಟ್ಟು, ಒಂದು ಕಮಟು ವಾಸನೆ ಎದ್ದಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

"ಯಾಕ್ರೀ ಯಜಮಾನ್ರ, ಚಕ್ಕರ್ ಬಂತೇನು?" ಎಂದು ಅಂಗಡಿಯವನು ನೀರು ತಂದುಕೊಟ್ಟ.

ಚಕ್ಕರ್ ಅಲ್ಲ ಎಂದೆ. ಬೇರೆ ಏನೆಂದು ಅವನಿಗೆ ಹೇಗೆ ಹೇಳಲಿ? ಆ ವಾಸನೆಯನ್ನು ನಾನು ಒಂದು ಮಳೆಗಾಲ ಪೂರ್ತಿ, ಪ್ರತಿ ರವಿವಾರ, ಊರಿನ ಜನರನ್ನೆಲ್ಲ ಎದುರಿಗೆ ಕೂಡಿಸಿಕೊಂಡು ಮೂಸಿದ್ದೇನೆ. ಆಗ ನನಗೆ ನಲವತ್ತೈದು ದಾಟಿತ್ತು. ತಿಳಿಯದ ವಯಸ್ಸು ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ನಮ್ಮೂರು ಮಸ್ಕಿಯಿಂದ ಸಿಂಧನೂರಿಗೆ ಬರುವ ದಾರಿಯಲ್ಲಿ ಬಸ್ಸಿಳಿದು, ಕಾಲುವೆಯ ದಂಡೆ ಹಿಡಿದು ಎರಡು ಮೈಲಿ ನಡೆದರೆ ಸಿಗುತ್ತದೆ. ಹೆಸರು ಬರೆಯುವುದಿಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ತೊಂಬತ್ತರ ದಶಕದ ನಡುವಿನ ಮಾತು. ಪಂಚಾಯತಿಯ ನೀರಿನ ಮೋಟರ್ ಚಾಲೂ ಮಾಡುವ ಕೆಲಸ ನನ್ನದಾಗಿತ್ತು. ಚಾವಡಿಯ ಗೋಡೆಯಲ್ಲಿ ಕಟ್ಟಿಗೆಯ ಪೆಟ್ಟಿಗೆ ಮಾಡಿ ಅದರೊಳಗೆ ಪಂಚಾಯತಿಯ ಟಿವಿ, ಜೊತೆಗೆ ಕಾದರೆ ಕಮಟು ವಾಸನೆ ಬರುವ ಒಂದು ಸ್ಟೆಬಿಲೈಸರ್ ಇಟ್ಟಿದ್ದರು. ಪೆಟ್ಟಿಗೆಯ ಕೀಲಿಯೂ ನನ್ನ ಉಡದಾರದಲ್ಲೇ ಇರುತ್ತಿತ್ತು.

ಆ ವರ್ಷ ಕಾಲುವೆಗೆ ನೀರು ಬಿಟ್ಟು, ಭತ್ತದ ನಾಟಿ ಶುರುವಾಗುವ ಹೊತ್ತಿಗೆ ಒಂದು ಹಿಂದಿ ಧಾರಾವಾಹಿ ಬರತೊಡಗಿತು. ರವಿವಾರ ಬೆಳಿಗ್ಗೆ ಹತ್ತಕ್ಕೆ, ಅರ್ಧ ತಾಸು. ಉತ್ತರದ ಕಡೆಯ ಒಂದು ಸಣ್ಣ ಹಳ್ಳಿ, ಅಲ್ಲೊಂದು ಹವೇಲಿ, ಹವೇಲಿಗೊಬ್ಬಳು ಮುದುಕಿ. ಆ ಮನೆಯಲ್ಲಿ ಒಬ್ಬೊಬ್ಬರ ಎದೆಯಲ್ಲೂ ಒಂದೊಂದು ಗುಟ್ಟು. ಬೆಳೆದು ನಿಂತ ಮಗ ನಿಜವಾಗಿ ಯಾರ ಮಗ ಎನ್ನುವುದು ಎಲ್ಲಕ್ಕಿಂತ ದೊಡ್ಡ ಗುಟ್ಟು. ವಾರಕ್ಕೆ ಒಂದು ಗಂಟು ಬಿಚ್ಚುತ್ತಿದ್ದರು, ಎರಡು ಹಾಕುತ್ತಿದ್ದರು.

ನಾಟಿ ಹಚ್ಚುವ ಹೆಂಗಸರ ಗುಂಪಿನ ಮುಂದಾಳು ದುರುಗಮ್ಮ. ಮುಕ್ಕುಂದದ ಸಾಹುಕಾರನೊಬ್ಬ ರವಿವಾರ ಬೆಳಿಗ್ಗೆಯೇ ಟ್ರ್ಯಾಕ್ಟರ್ ತಂದು ಚಾವಡಿಯ ಮುಂದೆ ನಿಲ್ಲಿಸಿದರೆ ಅವಳು ಜಗ್ಗುತ್ತಿರಲಿಲ್ಲ. "ಹತ್ತೂವರಿ ಮಟ ಯಾರೂ ಕೆಸರಿಗೆ ಇಳಿಯಂಗಿಲ್ಲ ಸಾವ್ಕಾರ. ಆ ಹುಡುಗ ಯಾರಿಗೆ ಹುಟ್ಟ್ಯಾನಂತ ತಿಳಿಬೇಕು. ನೀನೂ ಬಾ, ಇಲ್ಲೇ ಕುಂದ್ರು." ಸಾಹುಕಾರ ಬೈಯುತ್ತ ಕೂತವನು ಮುಂದಿನ ವಾರ ತಾನಾಗಿಯೇ ಬೇಗ ಬಂದ.

ಜನರೆಲ್ಲ ಬಂದರೂ ಹಿಂದಿ ಯಾರಿಗೆ ಬರಬೇಕು? ಗಂಡಸರಿಗೆ ಅಷ್ಟಿಷ್ಟು ಉರ್ದು ಗೊತ್ತು. ಹೆಂಗಸರಿಗೆ ಅದೂ ಇಲ್ಲ. ಹಾಗಾಗಿ ನಾನು ಪೆಟ್ಟಿಗೆಯ ಪಕ್ಕ ಸ್ಟೂಲ್ ಹಾಕಿಕೊಂಡು, ಒಂದೊಂದು ಮಾತಾದ ಮೇಲೂ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಮುದುಕಿಗೆ ಮುದುಕಿಯ ದನಿ, ಸೊಸೆಗೆ ಸೊಸೆಯ ದನಿ. ಟಿವಿ ನೋಡುವುದಕ್ಕಿಂತ ನನ್ನ ಬಾಯಿ ನೋಡುವವರೇ ಹೆಚ್ಚಾದರು.

ಇಲ್ಲಿ ಮೊದಲನೆಯ ತಪ್ಪು ಒಪ್ಪಿಕೊಳ್ಳುತ್ತೇನೆ. ನನಗೆ ಹಿಂದಿ ಬರುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಹಿಂದಿಗೆ ಅಂಚಿನ ಮೇಲೆ ಪಾಸಾದವನು. ಆ ಹವೇಲಿಯವರು ಆಡುತ್ತಿದ್ದುದು ಶಾಲೆಯ ಹಿಂದಿಯೂ ಅಲ್ಲ, ನಮ್ಮ ಕಡೆಯ ಉರ್ದುವೂ ಅಲ್ಲ. ಅರ್ಧಕ್ಕರ್ಧ ನನ್ನ ತಲೆಯ ಮೇಲಿಂದ ಹೋಗುತ್ತಿತ್ತು. ತಿಳಿಯದ ಕಡೆ ನಾನೇ ಮಾತು ಕಟ್ಟಿ ಹಾಕುತ್ತಿದ್ದೆ. ಅಳುತ್ತಿದ್ದರೆ ಅಳುವ ಮಾತು, ಸಿಟ್ಟಾದರೆ ಸಿಟ್ಟಿನ ಮಾತು. ಅದು ಗೊತ್ತಿದ್ದವನು ಊರಲ್ಲಿ ಒಬ್ಬನೇ, ಟೇಲರ್ ಹುಸೇನಸಾಬ. ನಾಲ್ಕನೆಯ ವಾರ ಮನೆಗೆ ಹೋಗುವಾಗ ನನ್ನ ಹೆಗಲ ಮೇಲೆ ಕೈ ಹಾಕಿ, "ಶರಣಪ್ಪಾ, ಆ ಮುದುಕಿ ಅಂದದ್ದ ಒಂದು, ನೀ ಹೇಳಿದ್ದ ಒಂದು. ಆದ್ರ ನೀ ಹೇಳಿದ್ದ ಚಲೋ ಇತ್ತು ಬಿಡು" ಎಂದು ನಕ್ಕ. ಆ ಮಾತಿನಿಂದ ನಾನು ನಾಚಬೇಕಿತ್ತು. ಉಬ್ಬಿದೆ.

ಈಗ ಹನುಮವ್ವನ ವಿಷಯ. ಹನುಮವ್ವ ನಮ್ಮ ಓಣಿಯ ಹೆಂಗಸು. ಗಂಡ ತೀರಿಕೊಂಡು ಆರೇಳು ವರ್ಷವಾಗಿತ್ತು. ಮಗ ಅಮರೇಶನಿಗೆ ಇಪ್ಪತ್ತೆರಡು. ಇದ್ದ ಮೂರೆಕರೆ ಗದ್ದೆಯನ್ನು ಚೆನ್ನಾಗಿ ಮಾಡುತ್ತಿದ್ದ. ಹನುಮವ್ವನ ತಂಗಿ ಗಂಗಮ್ಮನನ್ನು ಗುರುಗುಂಟಾಕ್ಕೆ ಕೊಟ್ಟಿತ್ತು. ಗಂಗಮ್ಮ ನಾಲ್ಕನೆಯ ಇಯತ್ತೆ ಕಲಿತವಳು. ವರ್ಷಕ್ಕೊಂದು ಕಾಗದ ತಾನೇ ಬರೆಯುತ್ತಿದ್ದಳು. ಹನುಮವ್ವನಿಗೆ ಓದು ಬಾರದು. ಗಂಡ ಇರುವತನಕ ಅವನು ಓದಿ ಹೇಳುತ್ತಿದ್ದ. ಅವನು ಹೋದ ಮೇಲಿನ ಮೊದಲ ಕಾಗದ ಹಿಡಿದುಕೊಂಡು ಅವಳು ನಮ್ಮ ಮನೆಗೆ ಬಂದಳು. ಮಗನ ಕೈಯಲ್ಲಿ ಯಾಕೆ ಓದಿಸಲಿಲ್ಲ ಎಂದು ನಾನು ಆಗ ಯೋಚಿಸಲಿಲ್ಲ.

ಕಾಗದದಲ್ಲಿ ಕ್ಷೇಮ ಸಮಾಚಾರವಾದ ಮೇಲೆ ಉಳಿದದ್ದೆಲ್ಲ ಅಮರೇಶನ ಬಗ್ಗೆ. ಎಷ್ಟು ಎತ್ತರ ಬೆಳೆದಾನ, ಹೊಟ್ಟೆ ತುಂಬ ಉಣ್ಣುತ್ತಾನೋ ಇಲ್ಲವೋ, ನಕ್ಕರೆ ಈಗಲೂ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತದೋ. ಓದುತ್ತ ಓದುತ್ತ ನಾನು ತಲೆ ಎತ್ತಿದೆ. ಹನುಮವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ತಿಳೀತಲ್ಲ ಅಣ್ಣಾ?" ಎಂದಳು. "ಆಕಿ ಹಡದಾಳ, ನಾ ಜ್ವಾಪಾನ ಮಾಡೀನಿ. ಆಕಿಗಿನ್ನೂ ಲಗ್ನ ಆಗಿದ್ದಿಲ್ಲ. ನಾ ಹೊಟ್ಟಿಗೆ ಅರಿವಿ ಕಟಗೊಂಡು ಬಸರಿ ಅಂತ ಊರಾಗ ತಿರುಗ್ಯಾಡಿ, ಹೆರಿಗಿಗೆ ಹೋಗ್ತೀನಂತ ಲಿಂಗಸುಗೂರ ಕಡಿ ತವರಿಗೆ ಹೋದೆ. ಬರೂ ಮುಂದ ಕೂಸಿನ ಕರಕೊಂಡ ಬಂದೆ. ಎದಿಯಾಗ ಹಾಲಿಲ್ಲ, ಆಡಿನ ಹಾಲು ಕುಡಿಸಿದೆ. ಆಕಿ ಗಂಡಗ ಗೊತ್ತಿಲ್ಲ. ಅಮರೇಶಗ ಗೊತ್ತಿಲ್ಲ. ಇನ್ನ ನಿನಗ ಗೊತ್ತಾತು. ನಿನ್ನ ಹೊಟ್ಟ್ಯಾಗ ಇರಲಿ."

ಆಮೇಲೆ ಬಂದ ಕಾಗದಗಳನ್ನೂ ನಾನೇ ಓದಿ ಹೇಳಿದೆ. ನನ್ನ ಹೆಂಡತಿಗೂ ಹೇಳಲಿಲ್ಲ. ಏಳು ವರ್ಷ ನನ್ನ ಹೊಟ್ಟೆಯಲ್ಲೇ ಇತ್ತು. ನಾನು ಕೆಟ್ಟವನೇ ಆಗಿದ್ದರೆ ಮೊದಲೇ ಹೇಳಿಬಿಡುತ್ತಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರಿಂದ ಸಮಾಧಾನವೇನೂ ಆಗಿಲ್ಲ.

ಒಂಬತ್ತನೆಯ ರವಿವಾರ. ನಾಟಿ ಮುಗಿದು ಕಳೆ ತೆಗೆಯುವ ದಿನಗಳು. ಬೆಳಗಿನಿಂದ ಜಿಟಿಜಿಟಿ ಮಳೆ. ಹವೇಲಿಯ ಮುದುಕಿ ಮೊಮ್ಮಗನನ್ನು ಎದುರಿಗೆ ಕೂಡಿಸಿಕೊಂಡು, "ನಿನ್ನ ತಾಯಿ..." ಎಂದು ಬಾಯಿ ತೆಗೆದಳು. ಕರೆಂಟ್ ಹೋಯಿತು.

ಚಾವಡಿ ತುಂಬ ಒಂದೇ ಗದ್ದಲ. ಲೈನ್‌ಮನ್‌ನ ಹಿರಿಯರನ್ನೆಲ್ಲ ನೆನೆದರು. ಬೇರೆ ದಿನವಾದರೆ ಎದ್ದು ಗದ್ದೆಗೆ ಹೋಗುತ್ತಿದ್ದರು. ಅವತ್ತು ಮಳೆ, ಯಾರೂ ಕದಲಲಿಲ್ಲ. ದುರುಗಮ್ಮ ನನ್ನ ಕಡೆ ತಿರುಗಿ, "ಏ ಶರಣಪ್ಪಾ, ಟಿವಿ ಬಾಯಿ ಮುಚ್ಚಿತಂತ ನೀನೂ ಮುಚ್ಚಿದೇನು? ಮುಂದ ಏನಾತು ಹೇಳಲೇ" ಎಂದಳು.

"ನನಗೇನ ಗೊತ್ತವಾ? ಬರೂ ವಾರ ನೋಡೂಣು."

"ಗೊತ್ತಿಲ್ಲಂದ್ರ ಹೆಂಗ? ಎಂಟ್ ವಾರ ಹೇಳೀದಿ, ಇದೊಂದ ಹೇಳಾಕ ಬರಂಗಿಲ್ಲೇನು? ನೋಡ್ರಲೇ, ಮಾಸ್ತರಗ ಇಷ್ಟ ಹಿಂದಿ!"

ಎಲ್ಲರೂ ನಕ್ಕರು. ಆ ನಗು ನನಗೆ ತಡೆಯಲಿಲ್ಲ. "ಗೊತ್ತೈತಿ. ಆ ಮುದುಕಿ ಮಾರಿ ನೋಡಿದ್ರ ತಿಳೀತೈತಿ" ಎಂದು ಶುರು ಮಾಡಿದೆ. ಏನು ಹೇಳಬೇಕೆಂದು ಆ ಗಳಿಗೆಯವರೆಗೂ ನನಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಆ ಕಾಗದಗಳು. ಅವನು ದೊಡ್ಡ ಸೊಸೆಯ ಮಗನಲ್ಲ, ಅವಳ ತಂಗಿಯ ಮಗ ಎಂದೆ. ಲಗ್ನಕ್ಕೆ ಮೊದಲೇ ಹೊತ್ತ ಬಸಿರು ಎಂದೆ. ಅಕ್ಕ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡದ್ದು, ತವರಿಗೆ ಹೋದದ್ದು, ಮಗ ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೋ ಎಂದು ಹಡೆದವಳು ಕಾಗದ ಬರೆದು ಕೇಳುವುದು, ಎಲ್ಲ ಹೇಳಿದೆ. ಯಾವ ವಾರವೂ ಜನ ಅಷ್ಟು ಮೌನವಾಗಿ ಕೇಳಿರಲಿಲ್ಲ. ಹೆಂಗಸರು ಕಣ್ಣೊರೆಸಿಕೊಂಡರು. ಆ ಕಣ್ಣೀರು ನೋಡಿ ನನಗೆ ಇನ್ನಷ್ಟು ಹುರುಪು ಬಂತು. "ಎದಿಯಾಗ ಹಾಲಿಲ್ಲ, ಏನ್ ಮಾಡಬೇಕು? ಆಡಿನ ಹಾಲು ಕುಡಿಸಿ ಬೆಳೆಸಿದಳು" ಎಂದುಬಿಟ್ಟೆ.

ಹೆಂಗಸರ ನಡುವಿನಿಂದ ಹನುಮವ್ವ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮಳೆಯಲ್ಲೇ ಹೊರಟುಹೋದಳು. ಅವಳು ಅಲ್ಲಿ ಕೂತಿದ್ದಾಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತ ಹೋದೆ.

ಮುಂದಿನ ವಾರ ಧಾರಾವಾಹಿ ತನ್ನ ಗುಟ್ಟು ಬಿಚ್ಚಿತು. ಆ ಹುಡುಗ ಹೊಳೆಯ ಪ್ರವಾಹದಲ್ಲಿ ಸಿಕ್ಕ ಕೂಸು, ಹವೇಲಿಯ ರಕ್ತವೇ ಅಲ್ಲ. ಚಿತ್ರದಲ್ಲಿ ಹೊಳೆ, ಬುಟ್ಟಿ, ಕೂಸು ಎಲ್ಲ ತೋರಿಸಿದರು. ಆದರೂ ನಾನು, "ಇದು ಮಂದಿಗೆ ಹೇಳೂ ಸುಳ್ಳು, ಖರೇದ್ದು ನಾ ಹೇಳಿದ್ದ" ಎಂದೆ. ಹಿಂದಿನಿಂದ ಹುಸೇನಸಾಬ, ಪಾಪ, ಅವನಿಗೇನು ಗೊತ್ತು, "ಹಂಗ ಎಲ್ಲಂದ್ಲೋ ಆಕಿ? ತಂಗಿ ಸುದ್ದೀನ ಇಲ್ಲಲ್ಲೋ ಇದರಾಗ" ಎಂದ.

ದುರುಗಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಅಲ್ಲಲೇ, ಆ ಹವೇಲ್ಯಾಗ ಸಾಲಾಗಿ ಆಕಳ ಕಟ್ಟ್ಯಾರ. ಆಡು ಎಲ್ಲಿಂದ ಬಂತು?"

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಆಡಿನ ಹಾಲು ಕುಡಿದು ಬೆಳೆದವನು ಊರಲ್ಲಿ ಒಬ್ಬನೇ. ಸಣ್ಣವನಿದ್ದಾಗ ಅಮರೇಶನನ್ನು ಓರಗೆಯವರು 'ಆಡಿನ ಮರಿ' ಎಂದೇ ಕರೆಯುತ್ತಿದ್ದರು. ತಂಗಿ, ತವರು, ನಕ್ಕರೆ ಬೀಳುವ ಗುಳಿ, ಎಲ್ಲವನ್ನೂ ಹೆಂಗಸರು ಮನಸ್ಸಿನಲ್ಲೇ ಜೋಡಿಸುತ್ತಿದ್ದುದು ನನ್ನ ಕಣ್ಣಿಗೆ ಕಾಣುತ್ತಿತ್ತು.

ಮೂರು ದಿನ ಬಿಟ್ಟು ಹನುಮವ್ವ ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಬೈಯುತ್ತಾಳೆಂದು ಕಾದೆ. ಅವಳು ಹೊಸ್ತಿಲ ಹೊರಗೇ ಕೂತಳು.

"ಅಮರೇಶ ನನ್ನ ಕೇಳ್ಯಾನ. ಮಂದಿ ಮಾತು ಯಾಕ ಕೇಳ್ತಿ ಅಂದೀನಿ. ಗುರುಗುಂಟಾಕ್ಕ ಇನ್ನೂ ಮುಟ್ಟಿಲ್ಲ. ಐತಾರ ನೀ ಎಲ್ಲಾರ ಮುಂದ ನಿಂತು, ನನಗ ಹಿಂದಿ ಬರಂಗಿಲ್ಲ, ಹತ್ತ ವಾರ ಹೇಳಿದ್ದೆಲ್ಲಾ ನನ್ನ ತಲ್ಯಾಗಿಂದು ಅಂತ ಹೇಳು. ಎಲ್ಲಾ ಸುಳ್ಳಾದ್ರ ಇದೂ ಸುಳ್ಳ ಆಗ್ತೈತಿ. ಇಷ್ಟ ಮಾಡಣ್ಣಾ."

"ಹೇಳ್ತೀನಿ ತಂಗಿ," ಎಂದೆ. ಆ ಗಳಿಗೆಯಲ್ಲಿ ಮನಸ್ಸಿನಿಂದಲೇ ಅಂದೆ.

ಹನ್ನೊಂದನೆಯ ರವಿವಾರ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಟಿವಿ ನೋಡಲು ಬಂದಿದ್ದರೋ ನನ್ನ ಮುಖ ನೋಡಲು ಬಂದಿದ್ದರೋ ತಿಳಿಯದು. ಹನುಮವ್ವ ಎಲ್ಲರಿಗಿಂತ ಮುಂದೆ ಕೂತಿದ್ದಳು. ಅಮರೇಶ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ನಾನು ಪೆಟ್ಟಿಗೆಯ ಬಾಗಿಲು ತೆರೆದು, ಮಾತಾಡಲೆಂದು ತಿರುಗಿದೆ. ಆಗಲೇ ಮುಕ್ಕುಂದದ ಸಾಹುಕಾರ ತನ್ನ ಜೊತೆ ಇಬ್ಬರು ಬೀಗರನ್ನು ಕರೆದುಕೊಂಡು ಒಳಗೆ ಬಂದು, "ಇವರ ನೋಡ್ರಿ ನಾ ಹೇಳಿದ್ದು. ಹಿಂದೀ ಪಂಡಿತರು. ಇವರ ಬಾಯಾಗ ಕೇಳಬೇಕ್ರಿ ಅದನ್ನ" ಎಂದ. ಬೀಗರು ನನಗೆ ಕೈ ಮುಗಿದರು.

ನನ್ನನ್ನು ಹಾಗೆ ಯಾರೂ ಪಂಡಿತರು ಎಂದಿರಲಿಲ್ಲ. ಮೋಟರ್ ಶರಣಪ್ಪ ಎನ್ನುತ್ತಿದ್ದರು.

ನಾನು ಸ್ಟೂಲಿನ ಮೇಲೆ ಕೂತೆ. ಸ್ಟೆಬಿಲೈಸರ್ ಗುಂಯ್ ಎಂದಿತು. ಅರ್ಧ ತಾಸು, ಹನುಮವ್ವನ ಮುಖದ ಕಡೆ ಒಮ್ಮೆಯೂ ನೋಡದೆ, ಒಂದೊಂದು ಮಾತಿಗೂ ಕನ್ನಡ ಹೇಳಿದೆ. ಮುಗಿದ ಮೇಲೆ ಜನ ಕರಗಿದರು. ಅವಳು ಕೊನೆಯವಳಾಗಿ ಎದ್ದು, ನನ್ನ ಹತ್ತಿರ ಬಂದು ನಿಂತಳು.

"ನಿನ್ನ ಹಿಂದಿ ಉಳೀತಲ್ಲಣ್ಣಾ," ಎಂದಳು. ಅಷ್ಟೇ. ಅದೇ ಅವಳು ನನ್ನೊಡನೆ ಆಡಿದ ಕೊನೆಯ ಮಾತು. ಅದಾದ ಮೇಲೆ ಹದಿನೆಂಟು ವರ್ಷ ಬದುಕಿದ್ದಳು.

ಮಸ್ಕಿಯ ಸಂತೆಗೆ ನಮ್ಮೂರಿನವರೂ ಹೋಗುತ್ತಾರೆ, ಗುರುಗುಂಟಾದವರೂ ಬರುತ್ತಾರೆ. ಎರಡು ಸಂತೆ ಕಳೆಯುವುದರೊಳಗೆ ಮಾತು ಗಂಗಮ್ಮನ ಗಂಡನ ಮನೆಗೆ ಮುಟ್ಟಿತು. ಅವಳ ಮೈದುನ ಬಂದು ಹನುಮವ್ವನನ್ನೂ ಅಮರೇಶನನ್ನೂ ಕರೆದುಕೊಂಡು ಹೋದ. ಅಲ್ಲಿ ಏನಾಯಿತೆಂದು ಜೊತೆಗೆ ಹೋಗಿದ್ದ ಓಣಿಯ ಹಿರಿಯನೊಬ್ಬ ಬಂದು ಹೇಳಿದ. ಗಂಗಮ್ಮನಿಗೆ ತಣ್ಣೀರು ಸ್ನಾನ ಮಾಡಿಸಿ, ಒದ್ದೆ ಸೀರೆಯಲ್ಲೇ ದೇವರ ಮುಂದೆ ನಿಲ್ಲಿಸಿದರಂತೆ. ಎದುರಿಗೆ ಅಮರೇಶನನ್ನು ನಿಲ್ಲಿಸಿದರಂತೆ. ಒಂದು ದೀಪ ಹಚ್ಚಿ ಕೈಗೆ ಕೊಟ್ಟು, ಖರೆ ಹೇಳಿ ಆರಿಸು ಎಂದರಂತೆ. ಸುಳ್ಳು ಹೇಳಿ ದೀಪ ಆರಿಸಿದರೆ ಆ ಪಾಪ ಮಕ್ಕಳಿಗೆ ತಟ್ಟುತ್ತದೆಂದು ನಮ್ಮ ಕಡೆಯ ನಂಬಿಕೆ. ಗಂಗಮ್ಮನಿಗೆ ಅಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು.

"ಇಂವ ನಮ್ಮಕ್ಕನ ಮಗ. ನನಗೂ ಇವಗೂ ಬ್ಯಾರೆ ಏನೂ ಇಲ್ಲ," ಎಂದು ಅಮರೇಶನ ಮುಖ ನೋಡುತ್ತಲೇ ಹೇಳಿ, ದೀಪ ಊದಿದಳಂತೆ. ಅವಳ ಸಂಸಾರ ಉಳಿಯಿತು. ಅಲ್ಲಿಂದ ಅವಳು ನಮ್ಮೂರಿಗೆ ಬರಲಿಲ್ಲ, ಕಾಗದ ಬರೆಯಲಿಲ್ಲ. ಅಕ್ಕ ತಂಗಿ ಮತ್ತೆ ಎದುರುಬದುರಾದರೋ ಇಲ್ಲವೋ ನನಗೆ ತಿಳಿಯದು.

ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಧಾರಾವಾಹಿ ಮುಗಿಯಿತು. ಕೊನೆಯ ಎರಡು ವಾರ ನಾನು ಪೆಟ್ಟಿಗೆ ತೆರೆದು ದೂರ ಹೋಗಿ ಕೂಡುತ್ತಿದ್ದೆ. ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿದೆ. ಕೀಲಿಯನ್ನು ಪಂಚಾಯತಿಗೆ ಒಪ್ಪಿಸಿದೆ. ಊರು ತನ್ನ ಕೆಲಸಕ್ಕೆ ಹತ್ತಿತು. ಅಮರೇಶನ ಲಗ್ನವಾಯಿತು, ಮಕ್ಕಳಾದವು. ಜನ ಆ ಮಾತು ಬಿಟ್ಟರು. ಮರೆತರು ಎಂದು ಹೇಳಲಾರೆ. ನಾನು ಪ್ರತಿದಿನ ಬೆಳಿಗ್ಗೆ ಮೋಟರ್ ಚಾಲೂ ಮಾಡುತ್ತಿದ್ದೆ. ಹನುಮವ್ವ ನಳದ ಹತ್ತಿರ ಬಂದು ಕೊಡ ತುಂಬಿಸಿಕೊಂಡು, ನಾನು ಅಲ್ಲಿ ಇಲ್ಲವೆಂಬಂತೆ ಹೋಗುತ್ತಿದ್ದಳು. ಅವಳು ತೀರಿಕೊಂಡ ದಿನವೂ ನಾನು ಹಿಂದೆ ನಿಂತು ಬಂದೆ. ಅವಳು ಬದುಕಿರುವಾಗ ಆಡಬೇಕಿದ್ದ ಒಂದು ಮಾತು ನನ್ನ ಬಾಯಲ್ಲೇ ಉಳಿಯಿತು.

ಸಿಂಧನೂರಿನಿಂದ ಬಂದ ಮರುದಿನ ನಾನು ಅಮರೇಶನ ಗದ್ದೆಗೆ ಹೋದೆ. ಅವನಿಗೂ ಈಗ ಐವತ್ತು ದಾಟಿದೆ. ನೀರಿನ ಪಾಳಿ ಬರಲೆಂದು ಬದುವಿನ ಮೇಲೆ ಕೂತಿದ್ದ.

"ಬರ್ರಿ ಕಾಕಾ. ಇಷ್ಟ ದೂರ ಯಾಕ ನಡಕೊಂತ ಬಂದ್ರಿ?"

ನಿಂತೇ ಹೇಳಿದೆ, ಕೂತರೆ ಧೈರ್ಯ ಹೋಗುತ್ತದೆಂದು. "ಅಮರೇಶಾ, ಆವತ್ತ ಚಾವಡ್ಯಾಗ ನಾ ಹೇಳಿದ್ದು ಕಟ್ಟಿದ ಕಥಿ. ನನಗ ಹಿಂದಿ ಬರಂಗಿಲ್ಲ. ಎಲ್ಲಾ ಸುಳ್ಳು. ಇದನ್ನ ನಾ ಆಗ ಹೇಳಬೇಕಿತ್ತು."

ಅವನು ಪಕ್ಕದ ಜಾಗ ಕೈಯಿಂದ ಒರೆಸಿ, "ಕುಂದರ್ರಿ" ಎಂದ. ಕೂತೆ.

"ಮೂರು ವರ್ಷದ ಹಿಂದ ಗುರುಗುಂಟಾದಾಗ ಚಿಗವ್ವ ತೀರಿಕೊಂಡ್ಲು, ಗೊತ್ತಲ್ಲ? ಮಣ್ಣಿಗೆ ಹೋಗಿದ್ದೆ. ಅಕ್ಕನ ಮಗ ಅಂತ ಮಂದ್ಯಾಗ ನಿಂತೆ. ಎಲ್ಲಾರಂಗ ನಾನೂ ಒಂದ್ ಮುಷ್ಟಿ ಮಣ್ಣ ಹಾಕಿದೆ. ಹೊಳ್ಳಿ ಬರೂ ಮುಂದ ಮಸ್ಕ್ಯಾಗ ಬಸ್ ಇಳದು ತಲಿ ಬೋಳಿಸಿಗೊಂಡೆ. ಮನ್ಯಾಗ ಕೇಳಿದ್ರು. ಹರಕಿ ಇತ್ತು ಅಂದೆ." ಅವನು ನನ್ನ ಕಡೆ ನೋಡಲಿಲ್ಲ. "ಈಗ ನೀವು ಬಂದು ಅದೆಲ್ಲಾ ಸುಳ್ಳಂದ್ರ, ನಾ ಯಾರಿಗಂತ ತಲಿ ಬೋಳಿಸಿಗೊಂಡೆ, ಕಾಕಾ?"

ನಾನು ಅವನ ತಲೆಯ ಕಡೆ ನೋಡಿದೆ.

"ಸುಳ್ಳು ಅನಬ್ಯಾಡ್ರಿ," ಎಂದ. "ಖರೇನೂ ಅನಬ್ಯಾಡ್ರಿ. ನಮ್ಮೂರಾಗ ಯಾರ ಮುಂದೂ ಏನೂ ಅನಬ್ಯಾಡ್ರಿ. ಸಾಕು."

ಕಾಲುವೆಯಲ್ಲಿ ನೀರು ಬಂತು. ಅವನು ಸಲಿಕೆ ಹಿಡಿದು ಎದ್ದು, ಮಡಿ ಒಡೆಯಲು ಹೋದ. ಹೋಗುವ ಮೊದಲು ಒಂದು ಕೈ ಚಾಚಿ, ನನ್ನನ್ನು ಎಬ್ಬಿಸಿ ನಿಲ್ಲಿಸಿದ.